ಸಾಲಿನ ಮೊದಲ ಸೈಕಲ್ಲು

ಬಂಡಿಹಾಳಿನಿಂದ ನೂಲಿನ ಗಿರಣಿಗೆ ಹನ್ನೊಂದು ಕಿಲೋಮೀಟರು. ಊರಿಗೆ ಬರುವ ಮೊದಲ ಬಸ್ಸು ಎಂಟೂವರೆಗೆ. ಗಿರಣಿಯ ಗೇಟು ಮುಚ್ಚುವುದು ಎಂಟಕ್ಕೆ. ಬಸ್ಸಿನವರಿಗೂ ಗಿರಣಿಯವರಿಗೂ ಯಾವ ಜನ್ಮದ ಹಗೆಯೋ ದೇವರಿಗೇ ಗೊತ್ತು. ಹಾಗಾಗಿ ಆ ಊರಿನ ಎಂಟು ಮಂದಿ ಗಿರಣಿ ಕೆಲಸಗಾರರು ಸೈಕಲ್ಲನ್ನೇ ನಂಬಿದ್ದರು. ಬೆಳಿಗ್ಗೆ ಆರೂ ಮುಕ್ಕಾಲಿಗೆ ಊರ ಮುಂದಿನ ಬೇವಿನ ಮರದ ಕೆಳಗೆ ಸೇರುವುದು, ಬುತ್ತಿಗಂಟನ್ನು ಹ್ಯಾಂಡಲ್ಲಿಗೆ ತೂಗುಹಾಕುವುದು, ಒಬ್ಬರ ಹಿಂದೊಬ್ಬರು ಸಾಲಾಗಿ ಹೊರಡುವುದು. ಸಂಜೆ ಅದೇ ಸಾಲಿನಲ್ಲಿ ವಾಪಸ್ಸು.

ಆ ರಸ್ತೆ ಒಳ್ಳೆಯದಲ್ಲ. ಭತ್ತದ ಲಾರಿ, ಹೊಟ್ಟಿನ ಲಾರಿ, ಅದಿರಿನ ಲಾರಿ, ಎಲ್ಲಕ್ಕೂ ಅದೇ ದಾರಿ. ಡಾಂಬರು ಮೇಲೆ ಮೇಲೆ ಹಾಕಿ ಹಾಕಿ ರಸ್ತೆ ಒಂದು ಗೇಣು ಎತ್ತರವಾಗಿತ್ತು, ಪಕ್ಕದ ಮಣ್ಣು ಹಾಗೇ ತಗ್ಗಿನಲ್ಲಿ ಉಳಿದಿತ್ತು. ಕಾರಿನಲ್ಲಿ ಹೋಗುವವರಿಗೆ ಆ ಗೇಣಿನ ಅಂಚು ಕಣ್ಣಿಗೂ ಬೀಳುವುದಿಲ್ಲ. ಸೈಕಲ್ಲಿನವನಿಗೆ ಅದು ಬಾವಿಯ ಕಟ್ಟೆ ಇದ್ದ ಹಾಗೆ. ಚಕ್ರ ಒಮ್ಮೆ ಕೆಳಗೆ ಜಾರಿತೆಂದರೆ ಮನುಷ್ಯ ಮೇಲೆ ಉಳಿಯುವುದಿಲ್ಲ. ಬಹಳ ವರ್ಷಗಳ ಹಿಂದೆ ಊರಿನ ಇಬ್ಬರು ಅದೇ ಅಂಚಿನಲ್ಲಿ ಪ್ರಾಣ ಬಿಟ್ಟಿದ್ದರು, ಇಬ್ಬರೂ ಬೇರೆ ಬೇರೆ ದಿನ, ಇಬ್ಬರೂ ಒಂಟಿಯಾಗಿ ಹೋಗುವಾಗ.

ಅಂದಿನಿಂದ ಯಾರೂ ಒಂಟಿಯಾಗಿ ಹೋಗುತ್ತಿರಲಿಲ್ಲ. ಸಾಲಿಗೆ ಒಂದು ಪದ್ಧತಿಯೂ ಬಂತು. ಎಲ್ಲರಿಗಿಂತ ನಿಧಾನ ತುಳಿಯುವವನು ಮುಂದೆ. ಎಲ್ಲರಿಗಿಂತ ಬಲವಾದವನು ಕೊನೆಗೆ. ಮುಂದಿನವನನ್ನು ಯಾರೂ ದಾಟುವ ಹಾಗಿಲ್ಲ. ಕೊನೆಯವನು ಆಗಾಗ ಹಿಂದೆ ತಿರುಗಿ ನೋಡಬೇಕು. ಲಾರಿ ಕಂಡರೆ "ಬಂತೋ!" ಎಂದು ಕೂಗಬೇಕು. ಆ ಕೂಗು ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಮುಂದೆ ಹೋಗಬೇಕು, ಎಲ್ಲರೂ ನಿಧಾನ ಮಾಡಿ ಮಣ್ಣಿಗೆ ಇಳಿಯಬೇಕು. ಲಾರಿ ಹೋದ ಮೇಲೆ ಮತ್ತೆ ಮೇಲೆ ಹತ್ತಬೇಕು. ಇಷ್ಟೇ.

ಸಾಲಿನ ಮೊದಲ ಸೈಕಲ್ಲು ಗಾದಿಲಿಂಗಪ್ಪನದು. ವಯಸ್ಸು ಐವತ್ತೇಳು, ನಿವೃತ್ತಿಗೆ ಇನ್ನು ಒಂದೇ ವರ್ಷ. ಮೂವತ್ತೊಂದು ವರ್ಷ ನೂಲಿನ ಯಂತ್ರದ ಮುಂದೆ ನಿಂತು ಮೊಣಕಾಲು ಸವೆದಿದ್ದವು, ಬಲಗಿವಿ ಹೆಚ್ಚುಕಮ್ಮಿ ಮುಚ್ಚಿಹೋಗಿತ್ತು. ಅವನ ಹತ್ತಿರ ಮಾತಾಡಬೇಕಾದವರು ಎಡಕ್ಕೆ ಬಂದು ನಿಲ್ಲುತ್ತಿದ್ದರು. ಸಾಲಿನ ಕೊನೆಯ ಸೈಕಲ್ಲು ಪಂಪಾಪತಿಯದು. ನಲವತ್ತೈದರ ಗಟ್ಟಿ ಆಳು, ಮಾತು ಕಮ್ಮಿ. ಪಂಪಾಪತಿ ಬಾಯಿ ಬಿಟ್ಟರೆ ಮಳೆ ಬರುತ್ತದೆಂದು ಖಾಜಾಸಾಬ ತಮಾಷೆ ಮಾಡುತ್ತಿದ್ದ. ಈ ಖಾಜಾಸಾಬ ಸಾಲಿನ ನಡುವಿನವನು. ಹನ್ನೊಂದು ಕಿಲೋಮೀಟರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ, ಕಾಲು ಮಾತ್ರ ಆಗಾಗ ನಿಲ್ಲುತ್ತಿತ್ತು.

ಈ ಸಾಲಿಗೆ ಹೊಸದಾಗಿ ಸೇರಿದವನು ಹೊನ್ನೂರ.

ಹೊನ್ನೂರನಿಗೆ ಇಪ್ಪತ್ತಾರು. ಭತ್ತದ ಮೂಟೆಯನ್ನು ಒಂದೇ ಎತ್ತಿಗೆ ಹೆಗಲಿಗೆ ಹಾಕುವ ಮೈಕಟ್ಟು. ಗಿರಣಿಯಲ್ಲಿ ಕೆಲಸ ಸಿಕ್ಕಿದ ವಾರಕ್ಕೇ ಹೊಸ ಸೈಕಲ್ಲು ಕೊಂಡಿದ್ದ. ಅದನ್ನು ದಿನಾ ಒರೆಸಿ ಒರೆಸಿ, ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ತೀಡಬಹುದು, ಹಾಗೆ ಇಟ್ಟಿದ್ದ. ಅವನು ತುಳಿಯುವುದನ್ನು ಒಂದು ವಾರ ನೋಡಿದ ಪಂಪಾಪತಿ, "ನಾಳಿಂದ ನೀ ಕಡೀಗೆ ಬಾ, ನನ್ನ ಮುಂದ" ಎಂದ.

ಹೊನ್ನೂರನಿಗೆ ಅದು ಎದೆಗೆ ಚುಚ್ಚಿತು. ಅವನು ತಿಳಿದ ಲೋಕದಲ್ಲಿ ಕೊನೆಗೆ ಇರುವುದು ಮಾನದ ಮಾತಲ್ಲ. ಮದುವೆ ಊಟದಲ್ಲಿ ಕೊನೆಯ ಪಂಕ್ತಿಗೆ ಹೋಳಿಗೆ ತೀರಿ ಬರೀ ಸಾರು ಉಳಿದಿರುತ್ತದೆ. ಶಾಲೆಯಲ್ಲಿ ಕೊನೆಯ ಬೆಂಚು ದಡ್ಡರಿಗೆ. ಎತ್ತಿನ ಪಂದ್ಯದಲ್ಲಿ ಕೊನೆಗೆ ಬಂದ ಜೋಡಿಯ ಹೆಸರನ್ನು ಯಾರೂ ಕೇಳುವುದಿಲ್ಲ. ಊರಿನಲ್ಲೇ ಜೋರಾಗಿ ಸೈಕಲ್ಲು ತುಳಿಯುವವನು ತಾನು, ತನಗೆ ಬಾಲದ ಜಾಗ! ಮೊಣಕಾಲು ಕಟಕಟ ಅನ್ನುವ ಗಾದಿಲಿಂಗಪ್ಪನಿಗೆ ತಲೆಯ ಜಾಗ!

"ಯಾಕ ಹಂಗ?" ಎಂದು ಕೇಳಿದ.

"ಹಂಗ ಐತಿ ಪದ್ಧತಿ" ಎಂದ ಪಂಪಾಪತಿ. ಅಲ್ಲಿಗೆ ಮಾತು ಮುಗಿಯಿತು.

ಹಿರಿಯರದು ಇದೊಂದು ಕೆಟ್ಟ ಚಾಳಿ ನೋಡಿ. ಪದ್ಧತಿಯನ್ನು ಹೇಳುತ್ತಾರೆ, ಕಾರಣವನ್ನು ನುಂಗುತ್ತಾರೆ. ಕಿರಿಯರು ಮೀರಿದಾಗ ಬೈಯಲು ಮಾತ್ರ ಅವರ ಹತ್ತಿರ ಬೇಕಾದಷ್ಟು ಮಾತು ಇರುತ್ತದೆ. ಅಂದು ಪಂಪಾಪತಿ ಇನ್ನೆರಡು ಮಾತು ಆಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆರು ತಿಂಗಳು ಹೊನ್ನೂರ ಹಲ್ಲು ಕಚ್ಚಿಕೊಂಡು ಕೊನೆಯಲ್ಲೇ ತುಳಿದ. ಅಷ್ಟು ನಿಧಾನಕ್ಕೆ ತುಳಿದರೆ ಅವನಿಗೆ ಕಾಲು ನೋಯುತ್ತಿತ್ತು, ಬೇಕಾದರೆ ನಂಬಿ. ನಾಗಾಲೋಟದ ಕುದುರೆಯನ್ನು ಎಮ್ಮೆಯ ಹಿಂದೆ ಕಟ್ಟಿದಂತಾಗಿತ್ತು ಅವನ ಪಾಡು.

ಮಾಘದ ಚಳಿಯ ದಿನಗಳು. ಪಂಪಾಪತಿಯ ಮಗಳು ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆಂದು ಅವನು ಎಂಟು ದಿನ ರಜೆ ಹಾಕಿದ. ಹೊರಡುವ ಮುಂಚೆ ಹೊನ್ನೂರನ ಮನೆಗೆ ಬಂದು, "ನಾ ಬರೋತನಕ ಕಡೀಗೆ ನೀನ. ಹಿಂದ ನೋಡ್ಕಂತ ಇರು" ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣವೇ.

ಮರುದಿನ ಬೇವಿನ ಮರದ ಕೆಳಗೆ ಏಳು ಮಂದಿ ಸೇರಿದರು. ಹೊನ್ನೂರ ಎಲ್ಲರ ಮುಖ ನೋಡಿದ. ಆರು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು.

"ದಿನಾ ಹಿಂಗ ಅಂಬೆಗಾಲು ಇಟ್ಕಂತ ಹೋಗಾದೇನ್ರಪ? ಸ್ವಲ್ಪ ಜೋರು ತುಳಿದ್ರ ಹದಿನೈದು ನಿಮಿಷ ಮೊದ್ಲ ಮುಟ್ತೀವಿ. ಗೇಟಿನ ಎದುರು ಕುಂತು ಬಿಸಿ ಬಿಸಿ ಚಾ ಕುಡಿಯಾಮು."

ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದ ಖಾಜಾಸಾಬನಿಗೆ ಚಹಾದ ಮಾತು ರುಚಿಸಿತು. "ಮಿರ್ಚಿನೂ ಸಿಗ್ತಾವಲೇ ಅಲ್ಲಿ" ಎಂದ. ಉಳಿದವರು ನಕ್ಕರು. ಆದರೂ ಎಲ್ಲರ ಕಣ್ಣು ಗಾದಿಲಿಂಗಪ್ಪನ ಕಡೆಗೆ ಹೋಯಿತು.

ಹೊನ್ನೂರ ಕೆಟ್ಟವನಲ್ಲ. ಗಾದಿಲಿಂಗಪ್ಪನ ಎಡಕ್ಕೆ ಹೋಗಿ ನಿಂತು ಮರ್ಯಾದೆಯಿಂದಲೇ ಹೇಳಿದ. "ಅಣ್ಣ, ನೀವು ಆರಾಮ ಹಿಂದ ಬರ್ರಿ. ನಾವು ಮುಂದ ಹೋಗಿ ನಿಮಗೂ ಚಾ ಹೇಳಿರ್ತೀವಿ."

ಗಾದಿಲಿಂಗಪ್ಪ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ನಕ್ಕ. "ಆತಪ್ಪ, ನನಗೇನಾಗಬೇಕು. ನಡೀರಿ ನೀವು."

ಮೌನವೇ ಸಮ್ಮತಿಯ ಲಕ್ಷಣ ಎಂದು ಯಾರೋ ದೊಡ್ಡವರು ಹೇಳಿಟ್ಟಿದ್ದಾರೆ. ನನಗೆ ಆ ಮಾತಿನ ಮೇಲೆ ಮೊದಲಿಂದಲೂ ನಂಬಿಕೆ ಇಲ್ಲ. ಬಡವನ ಮೌನ, ಮುದುಕನ ಮೌನ, ಹೊಸ ಸೊಸೆಯ ಮೌನ, ಇವೆಲ್ಲ ಸಮ್ಮತಿಯೇ ಆಗಿದ್ದರೆ ಲೋಕದಲ್ಲಿ ಯಾರಿಗೂ ಕಷ್ಟವೇ ಇಲ್ಲ ಎನ್ನಬೇಕಾಗುತ್ತದೆ. ಗಾದಿಲಿಂಗಪ್ಪನದು ನಗುವ ಮೌನ. ಅದು ಇನ್ನೂ ಮೋಸದ್ದು.

ಅಂದು ಸಾಲು ತಲೆಕೆಳಗಾಯಿತು. ಹೊನ್ನೂರ ಮುಂದೆ, ಗಾದಿಲಿಂಗಪ್ಪ ಕೊನೆಗೆ.

ಆಹಾ, ಆ ದಿನದ ತುಳಿತವೇ ತುಳಿತ! ಹೊನ್ನೂರನ ಅಂಗಿ ಗಾಳಿ ತುಂಬಿ ಉಬ್ಬಿತು. ಕಾಲುವೆಯ ಸೇತುವೆ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಹಿಂದೆ ಐದು ಸೈಕಲ್ಲು ಏದುಸಿರು ಬಿಡುತ್ತಾ, ನಗುತ್ತಾ ಬೆನ್ನು ಹತ್ತಿದ್ದವು. ಊರು ಬಿಟ್ಟ ನಲವತ್ತನೇ ನಿಮಿಷಕ್ಕೆ ಗಿರಣಿಯ ಎದುರಿನ ಚಹಾದಂಗಡಿಯ ಬೆಂಚಿನ ಮೇಲಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಹೊನ್ನೂರನೂ ಹಾಗೆಯೇ, ಎಲ್ಲರಿಗೂ ತಾನೇ ಲೋಟ ತಂದುಕೊಟ್ಟ, ಮಿರ್ಚಿ ಹಂಚಿದ, "ನಾಳೆ ಇನ್ನೂ ಐದು ನಿಮಿಷ ಉಳಿಸಾಮು" ಎಂದ.

ಗಾದಿಲಿಂಗಪ್ಪ ಬಂದಾಗ ಎಂಟಕ್ಕೆ ಎಂಟೇ ನಿಮಿಷ. ಅವನ ಚಹಾದ ಮೇಲೆ ಕೆನೆ ಕಟ್ಟಿತ್ತು. ಆ ಚಳಿಯಲ್ಲೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಿಂತಲ್ಲೇ ಒಂದೇ ಗುಟುಕಿಗೆ ಚಹಾ ಕುಡಿದ.

"ಹೆಂಗಣ್ಣ, ಆರಾಮ ಬಂದ್ರಿಲ್ಲ?" ಎಂದು ಹೊನ್ನೂರ ಕೇಳಿದ.

"ಹೂಂನಪ್ಪ, ಏನ್ ತೊಂದ್ರಿ ಇಲ್ಲ."

ತೊಂದರೆ ಏನಿತ್ತೆಂದು ನಾನು ಹೇಳುತ್ತೇನೆ ಕೇಳಿ. ಕೊನೆಯವನು ಹಿಂದೆ ನೋಡಬೇಕು ಎಂಬುದು ಪದ್ಧತಿ. ಸಾಲು ತಿರುಗಿದರೂ ಪದ್ಧತಿ ತಿರುಗಿಲ್ಲ ಎಂದೇ ಗಾದಿಲಿಂಗಪ್ಪ ತಿಳಿದಿದ್ದ. ಹಾಗಾಗಿ ಆ ಮುದುಕ ಹಾದಿಯುದ್ದಕ್ಕೂ ಕುತ್ತಿಗೆ ಹೊರಳಿಸಿ ಹೊರಳಿಸಿ ಹಿಂದೆ ನೋಡಿದ್ದ. ಲಾರಿ ಕಂಡಾಗಲೆಲ್ಲ "ಬಂತೋ!" ಎಂದು ಕೂಗಿದ್ದ. ಕೂಗಿ ಉಸಿರು ಕಟ್ಟಿ, ಇನ್ನಷ್ಟು ಹಿಂದೆ ಬಿದ್ದಿದ್ದ. ಮುಂದಿನವರಿಗೆ ಅವನ ಕೂಗು ಕೇಳುವ ದೂರ ಎಂದೋ ದಾಟಿತ್ತು. ಅವನ ಬೆನ್ನಿಗೆ ಕೂಗುವವರು ಮಾತ್ರ ಯಾರೂ ಇರಲಿಲ್ಲ. ಲಾರಿಗಳು ಬರುವುದು ಬಲಗಡೆಯಿಂದ. ಮುಚ್ಚಿದ್ದು ಬಲಗಿವಿ. ಅವನ ಕಿವಿಯ ಸಂಗತಿ ಆರೂ ಮಂದಿಗೆ ಗೊತ್ತಿತ್ತು. ಗೊತ್ತಿದ್ದದ್ದು ಯಾರಿಗೂ ನೆನಪಾಗಲಿಲ್ಲ.

ಎರಡನೆಯ ದಿನವೂ ಹೀಗೇ ಆಯಿತು. ಮೂರನೆಯ ದಿನ ಗಾದಿಲಿಂಗಪ್ಪ ಬಂದಾಗ ಅವನ ಮೊಣಕೈ ತರಚಿತ್ತು, ಪಂಚೆಗೆ ಕೆಂಪು ಮಣ್ಣು ಮೆತ್ತಿತ್ತು.

"ಏನಾತಣ್ಣ?" ಎಂದ ಖಾಜಾಸಾಬ.

"ಮುಂಜಾನಿ ಬಾಗಲಾ ತಾಗ್ತು" ಎಂದ ಗಾದಿಲಿಂಗಪ್ಪ, ಮೊಣಕೈಯನ್ನು ಟವೆಲ್ಲಿನಿಂದ ಮುಚ್ಚುತ್ತಾ.

ಹೊನ್ನೂರನೂ ಅದನ್ನು ನೋಡಿದ. ಬಾಗಿಲು ತಾಗಿದರೆ ಪಂಚೆಗೆ ಕೆಂಪು ಮಣ್ಣು ಯಾಕೆ ಹತ್ತುತ್ತದೆ ಎಂದು ಮನಸ್ಸು ಒಂದು ಸಲ ಕೇಳಿತು. ಅಷ್ಟರಲ್ಲಿ ಯಾರೋ "ಇವತ್ತು ಮೂವತ್ತೆಂಟೇ ನಿಮಿಷ!" ಎಂದು ಅವನ ಬೆನ್ನು ತಟ್ಟಿದರು. ಮನಸ್ಸು ಸುಮ್ಮನಾಯಿತು. ಹೊಗಳಿಕೆಯ ಎದುರು ಮನಸ್ಸಿನ ಮಾತು ಎಷ್ಟು ಹೊತ್ತು ನಿಂತೀತು?

ನಾಲ್ಕನೆಯ ದಿನ ಎದುರುಗಾಳಿ ಇತ್ತು. ಆದರೂ ಏಳೂ ಇಪ್ಪತ್ತೈದಕ್ಕೆ ಆರು ಮಂದಿ ಬೆಂಚಿನ ಮೇಲಿದ್ದರು. ಏಳನೆಯ ಲೋಟ ಬೆಂಚಿನ ತುದಿಯಲ್ಲಿತ್ತು. ಏಳೂ ಮುಕ್ಕಾಲಿಗೆ ಗಿರಣಿಯ ಮೊದಲ ಸೈರನ್ ಕೂಗಿತು. ಹೊನ್ನೂರ ರಸ್ತೆಯ ಕಡೆ ನೋಡಿದ. ಸೈಕಲ್ಲು ಕಾಣಲಿಲ್ಲ.

"ಬರ್ತಾನ ಬಿಡಪ, ಗಾಳಿ ಐತಿ" ಎಂದರು ಯಾರೋ.

ಎಂಟಕ್ಕೆ ಐದು ನಿಮಿಷ. ಒಬ್ಬೊಬ್ಬರೇ ಎದ್ದು ಗೇಟಿನೊಳಗೆ ಹೋದರು. ಖಾಜಾಸಾಬ ಮಾತ್ರ ಗೇಟಿನ ಒಳಗೆ ನಿಂತು ತಿರುಗಿ ನೋಡುತ್ತಿದ್ದ. ಅಂದು ಅವನ ಬಾಯಿಂದ ಒಂದು ತಮಾಷೆಯೂ ಬರಲಿಲ್ಲ.

ಹೊನ್ನೂರ ಸೈಕಲ್ಲು ಹಿಡಿದು ಗೇಟಿನ ಗೆರೆಯ ಮೇಲೆ ನಿಂತಿದ್ದ. ಎರಡನೆಯ ಸೈರನ್ ಕೂಗಿದ ಮೇಲೆ ಗೇಟು ಮುಚ್ಚುತ್ತಾರೆ. ಹೊರಗುಳಿದವರಿಗೆ ಅಂದು ಕೆಲಸವಿಲ್ಲ. ಅವನಿಗೆ ಅದಕ್ಕಿಂತ ದೊಡ್ಡ ಸಂಗತಿಯೂ ಇತ್ತು. ಮುಂದಿನ ತಿಂಗಳು ಕಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು, ಅಲ್ಲಿಯವರೆಗೆ ಒಂದು ದಿನವೂ ಹಾಜರಿ ತಪ್ಪಬಾರದೆಂದು ಹೇಳಿದ್ದರು. ಹೋಗಿ ನೋಡಿ ಗಾದಿಲಿಂಗಪ್ಪ ಎಲ್ಲೋ ಚೈನು ಸರಿಮಾಡುತ್ತಾ ಕುಳಿತಿದ್ದರೆ? ಊರವರೆಲ್ಲ ನಗುವುದಿಲ್ಲವೇ?

ಆಗ ನಿನ್ನೆಯ ಕೆಂಪು ಮಣ್ಣು ಅವನ ಕಣ್ಣ ಮುಂದೆ ಬಂತು. ಈ ಸಲ ಬೆನ್ನು ತಟ್ಟುವವರು ಯಾರೂ ಇರಲಿಲ್ಲ.

"ಒಳಗ ಬರ್ತೀಯೋ ಇಲ್ಲೋ?" ಎಂದು ಕಾವಲುಗಾರ ಗೇಟಿಗೆ ಕೈ ಹಾಕಿದ.

"ನಮ್ಮೋನೊಬ್ಬ ಬಂದಿಲ್ಲ" ಎಂದ ಹೊನ್ನೂರ. ಸೈಕಲ್ಲು ತಿರುಗಿಸಿದ. ಬೆನ್ನ ಹಿಂದೆ ಸೈರನ್ ಕೂಗಿತು.

ಅವನು ಹುಚ್ಚು ಹಿಡಿದವನಂತೆ ತುಳಿದ. ಈಗ ಗಾಳಿ ಬೆನ್ನಿಗಿತ್ತು. ಎರಡು ಕಿಲೋಮೀಟರು, ಮೂರು, ನಾಲ್ಕು. ಎದುರಿಗೆ ಹೊಟ್ಟಿನ ಲಾರಿಗಳು ಬಂದವು, ಕಾರು ಬಂತು, ಟ್ರ್ಯಾಕ್ಟರು ಬಂತು. ಗಾದಿಲಿಂಗಪ್ಪ ಬರಲಿಲ್ಲ. ಕಾಲುವೆಯ ಸೇತುವೆ ದಾಟಿದ. ಅಲ್ಲೊಬ್ಬ ಹೆಂಗಸು ರಸ್ತೆ ಬದಿಗೆ ಕುರಿ ಮೇಯಿಸುತ್ತಿದ್ದಳು.

"ಅಮ್ಮಾ, ವಯಸ್ಸಾದೋರೊಬ್ರು ಸೈಕಲ್ ಮ್ಯಾಲ ಹೋಗಿದ್ ನೋಡೀರೇನು? ತಲಿಗೆ ಟವೆಲ್ ಸುತ್ತಿರ್ತಾರ."

"ಸೇತುವಿ ದಾಟಿ ಹೋದ್ನಲ್ಲಪ್ಪ ಆವಾಗನ. ಹಿಂದ ಹಿಂದ ನೋಡ್ಕಂತ, ಒಬ್ಬನ ಬಾಯಿ ಮಾಡ್ಕಂತ ಹೋದ. ಬಂತೋ ಬಂತೋ ಅಂತಿದ್ದ. ಪಾಪ, ತಲಿ ಕೆಟ್ಟೈತೇನೋ ಅಂದ್ಕಂಡೆ."

ಹೊನ್ನೂರ ಬಂದ ದಾರಿಯತ್ತ ತಿರುಗಿ ನೋಡಿದ. ಅಂದರೆ ಸೇತುವೆ ದಾಟಿ ಮುಂದೆ ಹೋಗಿದ್ದಾನೆ. ಅಂದರೆ ಈಗ ಹಿಂದಿರುಗಿ ಬರುವಾಗ ತಾನು ಅವನನ್ನು ದಾಟಿಯೇ ಬಂದಿರಬೇಕು. ಜೋರಾಗಿ ಬಂದದ್ದರಿಂದಲೇ ಕಂಡಿಲ್ಲ.

ಅವನು ಮತ್ತೆ ತಿರುಗಿದ. ಈ ಸಲ ಆರು ತಿಂಗಳು ತಾನು ಬೈದುಕೊಂಡ ಆ ನಿಧಾನದಲ್ಲೇ ತುಳಿದ. ಎದುರುಗಾಳಿ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಕೆಲವು ಕಡೆ ಇಳಿದು ನಡೆದ. ಅಂಚಿನ ಮಣ್ಣು ನೋಡಿದ, ಜಾಲಿಗಿಡಗಳ ಬುಡ ನೋಡಿದ. ಸೇತುವೆಯಿಂದ ಒಂದು ಫರ್ಲಾಂಗು ಬಂದಿರಬೇಕು, ಎಲ್ಲೋ ಸಣ್ಣಗೆ ಒಂದು ಸದ್ದು ಕೇಳಿತು. ಟ್ರಿಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟ್ರಿಣ್.

ರಸ್ತೆಯ ಪಕ್ಕದ ಚರಂಡಿಯಲ್ಲಿ, ಜಾಲಿಯ ಮರೆಯಲ್ಲಿ ಗಾದಿಲಿಂಗಪ್ಪ ಬಿದ್ದಿದ್ದ. ಮೇಲೆ ಸೈಕಲ್ಲು, ಕೆಳಗೆ ಅವನು. ಒಂದು ಕಾಲು ಸೊಟ್ಟಕ್ಕೆ ಮಡಿಚಿತ್ತು. ಹಣೆಯ ರಕ್ತ ಒಣಗಿತ್ತು. ಹೊಟ್ಟಿನ ಮೂಟೆ ಹೊರಚಾಚಿದ ಲಾರಿಯೊಂದು ಬಲಗಡೆಯಿಂದ ಸವರಿಕೊಂಡು ಹೋಗಿತ್ತು, ಹಾರನ್ ಅವನಿಗೆ ಕೇಳಿರಲಿಲ್ಲ, ಚಕ್ರ ಅಂಚಿನಿಂದ ಜಾರಿತ್ತು. ಕೂಗಲು ಉಸಿರಿರಲಿಲ್ಲ. ಕೈಗೆ ಎಟುಕಿದ್ದು ಬೆಲ್ಲು. ಮುಕ್ಕಾಲು ಗಂಟೆಯಿಂದ ಅದನ್ನೇ ಬಾರಿಸುತ್ತಾ ಮಲಗಿದ್ದ. ರಸ್ತೆಯ ಮೇಲೆ ನೂರು ವಾಹನ ಹೋಗಿದ್ದವು. ಎಲ್ಲವೂ ಜೋರಾಗಿ ಹೋಗುವವು. ಬೆಲ್ಲಿನ ಸದ್ದು ಯಾರಿಗೆ ಕೇಳಬೇಕು?

"ಅಣ್ಣಾ!" ಎಂದು ಹೊನ್ನೂರ ಚರಂಡಿಗೆ ಹಾರಿದ.

ಗಾದಿಲಿಂಗಪ್ಪ ಕಣ್ಣು ತೆರೆದ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಕೇಳಿದ್ದು ನೀರಲ್ಲ. "ಸೈರನ್ ಆತೇನಪಾ? ನಿಂದು ಹಾಜರಿ ತಪ್ಪತೈತಿ ನೋಡು. ನೀ ಹೋಗು, ನಾ ಹೆಂಗಾರ ಬರ್ತೀನಿ."

ಹೊನ್ನೂರ ಅಲ್ಲೇ ಮಣ್ಣಿನಲ್ಲಿ ಕುಳಿತು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. ಅಳುತ್ತಲೇ ಸೈಕಲ್ಲು ಎತ್ತಿ ಆಚೆಗಿಟ್ಟ. ಭತ್ತದ ಮೂಟೆ ಎತ್ತುವ ಹೆಗಲಿಗೆ ಗಾದಿಲಿಂಗಪ್ಪನನ್ನು ಹಾಕಿಕೊಂಡು ಮೇಲೆ ಹತ್ತಿದ. ರಸ್ತೆಯ ನಡುವೆ ನಿಂತು, ಕೈ ಅಗಲಿಸಿ, ಬರುತ್ತಿದ್ದ ಟ್ರ್ಯಾಕ್ಟರನ್ನು ನಿಲ್ಲಿಸಿದ.

ತೊಡೆಯ ಮೂಳೆ ಮುರಿದಿತ್ತು, ಹೆಗಲ ಮೂಳೆ ಬಿರುಕು ಬಿಟ್ಟಿತ್ತು. ಇನ್ನೊಂದು ಗಂಟೆ ಅಲ್ಲೇ ಬಿದ್ದಿದ್ದರೆ ನಾವು ಈ ಮಾತನ್ನು ಬೇರೆ ರೀತಿ ಆಡಬೇಕಿತ್ತು ಎಂದರು ಡಾಕ್ಟರು.

ಮೂರನೆಯ ದಿನಕ್ಕೆ ಗಾದಿಲಿಂಗಪ್ಪ ಎದ್ದು ಕೂರುವಂತಾದ. ಹೊನ್ನೂರ ಹಾಸಿಗೆಯ ಎಡಕ್ಕೆ ಸ್ಟೂಲು ಎಳೆದುಕೊಂಡು ಕುಳಿತಿದ್ದ. ಗೋಡೆಗೆ ಒರಗಿ ಪಂಪಾಪತಿ ನಿಂತಿದ್ದ. ಸುದ್ದಿ ಕೇಳಿ ಮಗಳ ಮನೆಯಿಂದ ನೇರ ಆಸ್ಪತ್ರೆಗೆ ಬಂದಿದ್ದ. ಅವನು ಬೈಯುತ್ತಾನೆಂದು ಹೊನ್ನೂರ ಕಾಯುತ್ತಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

ಕೊನೆಗೆ ಹೊನ್ನೂರನೇ ಬಾಯಿ ಬಿಟ್ಟ. "ಯಾಕಣ್ಣ ಹೇಳಲಿಲ್ಲ? ಮೊದಲ್ನೇ ದಿನಾನ ಒಂದ್ ಮಾತು, ಜೋರು ಹೋಗಬ್ಯಾಡ್ರಿ, ನನಗ ಆಗವಲ್ದು ಅಂದಿದ್ರ ನಾವೇನು ಬ್ಯಾಡ ಅಂತಿದ್ವಾ?"

ಗಾದಿಲಿಂಗಪ್ಪ ಕಟ್ಟು ಹಾಕಿದ ಕಾಲನ್ನೇ ನೋಡುತ್ತಾ ಹೇಳಿದ. "ಹೆಂಗ ಹೇಳ್ಲಪಾ? ಒಂದ್ಸಲ ಆಗವಲ್ದು ಅಂದ್ರ, ಮರುದಿನ ಇವಗ ಆಗಲ್ಲ ಅಂತೀರಿ. ಅದರ ಮರುದಿನ ಇವ ಯಾಕ ಬರಬೇಕು ಅಂತೀರಿ. ಇನ್ನೊಂದು ವರ್ಷ ನೌಕ್ರಿ ಐತಿ. ಹೆಂಗೋ ಎಳಕೊಂಡು ಹೋದ್ರಾತು ಅಂದ್ಕಂಡೆ." ಮತ್ತೆ ಹೇಳಿದ. "ನೀವು ಬೆಂಚಿನ ಮ್ಯಾಲ ಕುಂತು ನಗಾಕತ್ತಿದ್ರಿ. ಆ ನಗುವಿಗೆ ನಾ ಯಾಕ ಅಡ್ಡ ಬರಲಿ?"

ಹೊನ್ನೂರ ಜಾರಿದ ಹೊದಿಕೆಯನ್ನು ಎತ್ತಿ ಆ ಕಾಲಿನ ಮೇಲೆ ಹೊದಿಸಿದ.

ಆಗ ಪಂಪಾಪತಿ ಗೋಡೆ ಬಿಟ್ಟು ಮುಂದೆ ಬಂದ. "ತಪ್ಪು ನಂದೂ ಐತಿ. ನೀ ಯಾಕ ಅಂತ ಕೇಳ್ದಾಗ ನಾ ಹೇಳ್ಬೇಕಿತ್ತು. ಈಗ ಕೇಳು. ನಾ ಗಿರಣಿ ಸೇರಿ ಇಪ್ಪತ್ತು ವರ್ಷ ಆತು. ಈ ಸಾಲಿನ್ಯಾಗ ಒಬ್ಬನಾರ ಒಂದಿನಾರ, ನಿಧಾನ ಹೋಗ್ರಪ್ಪೋ ಅಂತ ಕೇಳಿದ್ದು ನಾ ಕಂಡಿಲ್ಲ. ಯಾಕ ಕೇಳಿಲ್ಲ? ಕೇಳೋ ಪ್ರಸಂಗನ ಬರಲಿಲ್ಲ. ನಿಧಾನದವ ಮುಂದ ಇದ್ರ ಅವ ಕೇಳಬೇಕಾಗಿಲ್ಲ. ಅವ ಹೆಂಗ ತುಳೀತಾನೋ ಹಂಗ ಎಲ್ಲಾರು. ಅದಕ್ಕ ಮಾಡಿದ್ದು ಪದ್ಧತಿ. ಲಾರಿ ಸಲುವಾಗಿ ಅಷ್ಟ ಅಲ್ಲ." ಇಷ್ಟು ಹೇಳಿ ಅವನು ಕಿಟಕಿಯ ಕಡೆ ತಿರುಗಿದ. "ಕಡೀ ಜಾಗ ಬಾಲ ಅಲ್ಲಲೇ. ಏಳು ಮಂದಿ ಬೆನ್ನು ನಿನ್ನ ಕೈಯಾಗ ಕೊಟ್ಟು, ಅವರು ತಿರುಗಿ ನೋಡದ ಹೋಗ್ತಾರ. ಅಂಥಾ ಜಾಗ ಅದು."

ಹೊನ್ನೂರ ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು. ಅದನ್ನು ಅವನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಪಂಪಾಪತಿ ತಾನಾಗಿಯೇ ಒಂದು ಜಾಗ ಮುಂದೆ ಸರಿದು ಕೊನೆಯ ಜಾಗವನ್ನು ಅವನಿಗೆ ಬಿಟ್ಟುಕೊಟ್ಟ. ಬೆಳಿಗ್ಗೆ ಸಂಜೆ, ಹೊನ್ನೂರ ಕುತ್ತಿಗೆ ಹೊರಳಿಸಿ ನೋಡುತ್ತಾ ತುಳಿಯತೊಡಗಿದ. ಅವನ "ಬಂತೋ!" ಸಾಲಿನ ಮೊದಲ ಸೈಕಲ್ಲಿಗೆ ನೇರ ಕೇಳುತ್ತಿತ್ತು. ಬಾಯಿಂದ ಬಾಯಿಗೆ ದಾಟಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಆಷಾಢದಲ್ಲಿ ಗಾದಿಲಿಂಗಪ್ಪ ಕೆಲಸಕ್ಕೆ ಮರಳುವುದಕ್ಕೆ ಒಂದೇ ದಿನ ಉಳಿದಿತ್ತು. ಕಾಲು ಕೂಡಿತ್ತು, ಆದರೆ ಮೊದಲಿನಂತಿರಲಿಲ್ಲ. ಮನೆಯ ಮುಂದಿನ ಬೀದಿಯಲ್ಲಿ ಅವನು ಸೈಕಲ್ಲು ತುಳಿದು ನೋಡುತ್ತಿದ್ದುದನ್ನು ಖಾಜಾಸಾಬ ಕದ್ದು ನೋಡಿ ಬಂದಿದ್ದ. "ಮೊದ್ಲಿಗಿಂತ ಭಾಳ ನಿಧಾನ ಆಗ್ಯಾನ. ಆರೂ ಮುಕ್ಕಾಲಿಗೆ ಬಿಟ್ರ ಗೇಟು ಸಿಗಾದಿಲ್ಲ" ಎಂದ.

ಅಂದು ಸಂಜೆ ಏಳು ಮಂದಿ ಬೇವಿನ ಮರದ ಕೆಳಗೆ ಸೇರಿ ಮಾತಾಡಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. "ನನ್ನ ಹೇಣ್ತಿ ಬುತ್ತಿ ಕಟ್ಟಾಕ ನಾಕಕ್ಕ ಏಳಬೇಕಾಗ್ತತಿ, ನನ್ನ ಜೀವಂತ ಬಿಡ್ತಾಳೋ ಇಲ್ಲೋ" ಎಂದು ಖಾಜಾಸಾಬ ಗೊಣಗಿದ. ಗೊಣಗಿ, ಎಲ್ಲರಿಗಿಂತ ಮೊದಲು ತಾನೇ ಒಪ್ಪಿದ.

ಹೊನ್ನೂರ ಗಾದಿಲಿಂಗಪ್ಪನ ಮನೆಗೆ ಹೋಗಿ ಅವನ ಎಡಕ್ಕೆ ನಿಂತ. "ಅಣ್ಣ, ನಾಳಿಂದ ಎಲ್ಲಾರೂ ಆರೂ ಇಪ್ಪತ್ತಕ್ಕ ಹೊಂಡ್ತೀವಿ. ನೀವೂ ಲಗೂನ ಬರ್ರಿ."

"ಯಾಕಪ್ಪ, ಅಷ್ಟು ಲಗೂ?"

ಹೊನ್ನೂರ ಒಂದು ಗಳಿಗೆ ತಡವರಿಸಿದ. "ಬಿಸಿಲು ಏರೋದ್ರಾಗ ಮುಟ್ಟಬೇಕಲ್ಲಣ್ಣ. ಬಿಸಿಲು ಭಾಳ ಆಗೇತಿ."

ಗಾದಿಲಿಂಗಪ್ಪ ತಲೆ ಎತ್ತಿ ನೋಡಿದ. ನಾಲ್ಕು ದಿನದಿಂದ ಸೂರ್ಯ ಕಂಡಿರಲಿಲ್ಲ. ಆಷಾಢದ ಕಪ್ಪು ಮೋಡ ಊರಿನ ಮೇಲೆ ಕವುಚಿ ಕುಳಿತಿತ್ತು, ತಣ್ಣನೆ ಗಾಳಿ ಬೀಸುತ್ತಿತ್ತು. ಅವನು ಆ ಮೋಡವನ್ನು ಬಹಳ ಹೊತ್ತು ನೋಡಿದ. ಆಮೇಲೆ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

"ಹೌದಪ್ಪ," ಎಂದ. "ಭಾಳ ಬಿಸಿಲು."

ನೀತಿ: ಹಿಂದೆ ಬಿದ್ದವರು "ನಿಲ್ಲಿ" ಎಂದು ಕೂಗುತ್ತಾರೆಂದು ಕಾಯಬೇಡಿ, ನಾಚಿಕೆ ಅವರ ಬಾಯಿ ಕಟ್ಟಿರುತ್ತದೆ. ಜೊತೆಗೆ ಹೊರಟ ಮೇಲೆ ದಾರಿಯ ವೇಗವನ್ನು ನಿಧಾನದವನ ಕಾಲಿಗೆ ಒಪ್ಪಿಸಿ, ಬಲವಿದ್ದವನು ಅವನ ಬೆನ್ನು ಕಾಯಲಿ. ಕೇಳುವ ಮೊದಲೇ ಕೊಡುವ ನೆರವಿನಲ್ಲಿ ಮಾತ್ರ ಪಡೆಯುವವನ ಮಾನವೂ ಉಳಿಯುತ್ತದೆ.